ನೀರು ಇಳಿಯಿತು, ಮೀನು ದಾಟಿತು: ಗ್ಲೆನ್ ಕ್ಯಾನ್ಯನ್ ಅಣೆಕಟ್ಟಿನ ಕೆಳಗಿನ ಸ್ಮಾಲ್‌ಮೌತ್ ಬಾಸ್ ಪ್ರಕರಣ

ಅಮೆರಿಕದ ಅರಿಜೋನಾ ರಾಜ್ಯದಲ್ಲಿ, ಗ್ಲೆನ್ ಕ್ಯಾನ್ಯನ್ ಅಣೆಕಟ್ಟಿನಿಂದ ಸುಮಾರು ಮೂರು ಮೈಲಿ ಕೆಳಗೆ ಕೊಲರಾಡೊ ನದಿಯ ಪಕ್ಕದಲ್ಲಿ ಒಂದು ಮಡುವಿದೆ. ನದಿಯ ಸೆಳೆತ ಅಲ್ಲಿಗೆ ತಲುಪುವುದಿಲ್ಲ. ನೀರು ನಿಂತಲ್ಲೇ ನಿಂತು ಬಿಸಿಲಿಗೆ ಬೆಚ್ಚಗಾಗುತ್ತದೆ. 2022ರ ಜುಲೈ ಆರಂಭದಲ್ಲಿ ಆ ಮಡುವನ್ನು ಪರಿಶೀಲಿಸುತ್ತಿದ್ದ ರಾಷ್ಟ್ರೀಯ ಉದ್ಯಾನ ಇಲಾಖೆಯ ಸಿಬ್ಬಂದಿಗೆ ಸ್ಮಾಲ್‌ಮೌತ್ ಬಾಸ್ ಮೀನಿನ ಮರಿಗಳು ಸಿಕ್ಕವು. ದೊಡ್ಡ ಬಾಸ್ ಒಂದೋ ಎರಡೋ ಆ ಭಾಗದಲ್ಲಿ ಮೊದಲೂ ಅಪರೂಪಕ್ಕೆ ಸಿಕ್ಕಿದ್ದುಂಟು. ಅದನ್ನು ಯಾರೂ ದೊಡ್ಡ ಸುದ್ದಿ ಮಾಡಿರಲಿಲ್ಲ. ಮರಿ ಸಿಕ್ಕಿತೆಂದರೆ ಮಾತೇ ಬೇರೆ. ಮೀನು ಅಲ್ಲಿ ಸಂಸಾರ ಹೂಡಿದೆ ಎಂದರ್ಥ.

ಆ ಮಡುವಿನಿಂದ ಕೆಳಗೆ ಗ್ರ್ಯಾಂಡ್ ಕ್ಯಾನ್ಯನ್ ಇದೆ. ಅಣೆಕಟ್ಟಿನಿಂದ 75 ಮೈಲಿಗೂ ಸ್ವಲ್ಪ ಹೆಚ್ಚು ದೂರದಲ್ಲಿ, ಲಿಟಲ್ ಕೊಲರಾಡೊ ಎಂಬ ಉಪನದಿ ಬಂದು ಸೇರುವ ಸಂಗಮದಲ್ಲಿ, ಹಂಪ್‌ಬ್ಯಾಕ್ ಚಬ್ ಎಂಬ ಮೀನಿನ ಅತಿ ದೊಡ್ಡ ನೆಲೆಯಿದೆ. ತಲೆಯ ಹಿಂದೆ ಡುಬ್ಬವಿರುವ ಈ ಮೀನು ಕೊಲರಾಡೊ ಜಲಾನಯನ ಪ್ರದೇಶವನ್ನು ಬಿಟ್ಟರೆ ಜಗತ್ತಿನ ಬೇರೆಲ್ಲೂ ಇಲ್ಲ. ವಿಜ್ಞಾನಕ್ಕೆ ಅದು ಪರಿಚಯವಾದದ್ದೇ 1946ರಲ್ಲಿ. 1967ರಿಂದ ಅಳಿವಿನಂಚಿನ ಪಟ್ಟಿಯಲ್ಲಿದ್ದ ಅದನ್ನು 2021ರ ಅಕ್ಟೋಬರಿನಲ್ಲಷ್ಟೇ ಒಂದು ಮೆಟ್ಟಿಲು ಕೆಳಗಿಳಿಸಿ, ಅಪಾಯ ತುಸು ಕಡಿಮೆ ಎಂಬ ವರ್ಗಕ್ಕೆ ಸೇರಿಸಿದ್ದರು. ಅಲ್ಲಿಂದ ಒಂಬತ್ತು ತಿಂಗಳೊಳಗೆ ಮೇಲಿನ ಮಡುವಿನಲ್ಲಿ ಬಾಸ್ ಮರಿಗಳು ಕಂಡವು.

ಈ ಪ್ರಕರಣವನ್ನು ಬಹುತೇಕ ಕಡೆ 'ಹೊರಗಿನ ಮೀನಿನ ದಾಳಿ' ಎಂದೇ ಬರೆದರು. ನನಗೆ ಆ ನಿರೂಪಣೆ ಅರ್ಧ ಸತ್ಯ ಅನ್ನಿಸುತ್ತದೆ. ಮೀನನ್ನು ಅಲ್ಲಿಗೆ ಯಾರೂ ತಂದು ಬಿಡಲಿಲ್ಲ, ಮೀನು ತನ್ನ ಸ್ವಭಾವವನ್ನೂ ಬದಲಿಸಲಿಲ್ಲ. ಬದಲಾದದ್ದು ಜಲಾಶಯದ ನೀರಿನ ಮಟ್ಟ. ಕೆ.ಆರ್.ಎಸ್., ಲಿಂಗನಮಕ್ಕಿಗಳ ಮಟ್ಟವನ್ನು ದಿನವೂ ಪತ್ರಿಕೆಯಲ್ಲಿ ಅಡಿ ಲೆಕ್ಕದಲ್ಲಿ ಓದುವ ನಮಗೆ ಈ ಪ್ರಕರಣದ ಒಳಸುಳಿ ಬೇಗ ಅರ್ಥವಾಗಬೇಕು.

ಮೊದಲು ಮೀನಿನ ವಿಚಾರ. ಮೈಕ್ರಾಪ್ಟೆರಸ್ ಡೊಲೊಮ್ಯು ಎಂಬುದು ಸ್ಮಾಲ್‌ಮೌತ್ ಬಾಸ್‌ನ ವೈಜ್ಞಾನಿಕ ಹೆಸರು. ಇದರ ತವರು ಉತ್ತರ ಅಮೆರಿಕದ ಪೂರ್ವ ಮತ್ತು ಮಧ್ಯಭಾಗ: ಮಹಾಸರೋವರಗಳು, ಸೇಂಟ್ ಲಾರೆನ್ಸ್, ಒಹಾಯೊ, ಟೆನೆಸಿ, ಮೇಲಣ ಮಿಸಿಸಿಪಿ ನದಿಗಳು. ತಿಳಿನೀರು, ಕಲ್ಲುಗುಂಡಿನ ತಳ, ಹದವಾದ ಹರಿವು ಇದಕ್ಕೆ ಬೇಕು. ಅಲ್ಲಿ ಬಂಡೆಗಳ ಸಂದಿಯಲ್ಲಿ ಸಿಗುವ ಕ್ರೇಫಿಷ್ ಎಂಬ ಸಿಗಡಿಯಂಥ ಪ್ರಾಣಿಯನ್ನೂ ಸಣ್ಣ ಮೀನುಗಳನ್ನೂ ತಿಂದು ಬೆಳೆಯುತ್ತದೆ. ಇದರ ದಾಯಾದಿ ಲಾರ್ಜ್‌ಮೌತ್ ಬಾಸ್‌ನ ಬಾಯಿ ಕಣ್ಣಿನಾಚೆಗೂ ಸೀಳಿರುತ್ತದೆ; ಇದರದು ಕಣ್ಣಿನ ನೇರಕ್ಕೆ ನಿಲ್ಲುತ್ತದೆ. ಕಂಚಿನ ಬಣ್ಣದ ಮೈ, ಅದರ ಮೇಲೆ ಅಡ್ಡಪಟ್ಟೆಗಳಲ್ಲ, ಮೇಲಿಂದ ಕೆಳಕ್ಕೆ ಇಳಿದ ಮಾಸಲು ಪಟ್ಟೆಗಳು, ಹಲವು ಮೀನುಗಳಲ್ಲಿ ಕೆಂಪು ಕಣ್ಣು. ಗಾಳಕ್ಕೆ ಸಿಕ್ಕರೆ ನೀರಿನಿಂದ ಮೇಲಕ್ಕೆ ಹಾರಿ ಒದ್ದಾಡುತ್ತದೆ. ಹವ್ಯಾಸಿ ಗಾಳಗಾರರು ಇದಕ್ಕೆ ಮರುಳಾಗಿರುವುದು ಈ ಕಾರಣಕ್ಕೇ, ಇದು ತವರು ಬಿಟ್ಟು ಅಷ್ಟೊಂದು ಊರುಗಳನ್ನು ಸೇರಿದ್ದೂ ಅವರ ಕಾರಣಕ್ಕೇ.

ಅದರ ಸಂತಾನದ ಕ್ರಮ ಈ ಪ್ರಕರಣದಲ್ಲಿ ಮುಖ್ಯ. ನೀರು 15–16 ಡಿಗ್ರಿ ಸೆಲ್ಸಿಯಸ್ ದಾಟಿದ ಮೇಲೆ ಗಂಡು ಮೀನು ಸೆಳೆತವಿಲ್ಲದ ಜಾಗ ನೋಡಿ, ಬಾಲದಿಂದ ಗುಡಿಸಿ, ಜಲ್ಲಿಕಲ್ಲಿನ ಮೇಲೆ ಗುಂಡಗಿನ ಗೂಡು ಮಾಡುತ್ತದೆ. ಹೆಣ್ಣು ಬಂದು ಮೊಟ್ಟೆಯಿಟ್ಟು ಹೋಗುತ್ತದೆ. ಆಮೇಲಿನ ಜವಾಬ್ದಾರಿಯೆಲ್ಲ ಗಂಡಿನದು. ರೆಕ್ಕೆಯಾಡಿಸಿ ಮೊಟ್ಟೆಗಳ ಮೇಲೆ ಹೂಳು ಕೂರದಂತೆ ನೋಡಿಕೊಳ್ಳುತ್ತದೆ, ಮರಿಗಳು ಈಜಲು ಕಲಿತ ಮೇಲೂ ವಾರಗಟ್ಟಲೆ ಕಾವಲಿರುತ್ತದೆ. ಇಷ್ಟು ಜತನದಿಂದ ಮರಿ ಸಾಕುವ ಮೀನು, ಮೊಟ್ಟೆಯನ್ನು ಚೆಲ್ಲಿ ಹೊರಟುಹೋಗುವ ಮೀನುಗಳ ನಡುವೆ ಬಂದು ನೆಲೆಸಿದರೆ ಏನಾಗುತ್ತದೆ ಎಂದು ಬಿಡಿಸಿ ಹೇಳಬೇಕಿಲ್ಲ. ಆದರೆ ಈ ಇಡೀ ವ್ಯವಸ್ಥೆಗೆ ಎರಡು ಷರತ್ತುಗಳಿವೆ: ನೀರು ಬೆಚ್ಚಗಿರಬೇಕು, ಸೆಳೆತ ಇರಬಾರದು. ತಣ್ಣೀರಿನಲ್ಲಿ ದೊಡ್ಡ ಬಾಸ್ ಬದುಕಬಲ್ಲದು, ಬೆಳೆಯಲಾರದು, ಮರಿ ಮಾಡಲಾರದು.

ಇನ್ನು ನದಿ. ಅಣೆಕಟ್ಟು ಇಲ್ಲದ ಕಾಲದಲ್ಲಿ ಗ್ರ್ಯಾಂಡ್ ಕ್ಯಾನ್ಯನ್ ಒಳಗಿನ ಕೊಲರಾಡೊ ಚಳಿಗಾಲದಲ್ಲಿ ಹೆಪ್ಪುಗಟ್ಟುವ ಹಂತಕ್ಕೆ ಹೋಗಿ, ಬೇಸಿಗೆಯಲ್ಲಿ 30 ಡಿಗ್ರಿಯ ಹತ್ತಿರಕ್ಕೆ ಏರುತ್ತಿತ್ತು. ಹಿಮ ಕರಗುವ ತಿಂಗಳುಗಳಲ್ಲಿ ಮಹಾಪೂರ, ಉಳಿದ ಕಾಲ ಬಡಕಲು ಹರಿವು, ಸದಾ ಹೂಳು ತುಂಬಿದ ಕೆಂಪು ನೀರು. ಅಂಥ ನದಿಯಲ್ಲಿ ಎಂಟು ಜಾತಿಯ ಸ್ಥಳೀಯ ಮೀನುಗಳಿದ್ದವು. ಚಬ್‌ನ ಪುಟ್ಟ ಕಣ್ಣು, ಡುಬ್ಬ, ಕಡ್ಡಿಯಂತೆ ಸಣಕಲಾದ ಬಾಲದ ಬುಡ ಎಲ್ಲವೂ ಆ ಕದಡಿದ, ರಭಸದ ನೀರಿಗೆ ಹೊಂದಿಕೊಂಡೇ ರೂಪುಗೊಂಡವು.

1963ರ ಮಾರ್ಚಿನಲ್ಲಿ 710 ಅಡಿ ಎತ್ತರದ ಗ್ಲೆನ್ ಕ್ಯಾನ್ಯನ್ ಅಣೆಕಟ್ಟಿನ ಬಾಗಿಲು ಮುಚ್ಚಿತು. ಅಣೆಕಟ್ಟಿನ ಹಿಂದೆ ಪವೆಲ್ ಜಲಾಶಯ ತುಂಬಲು ಶುರುವಾಗಿ, 1980ರಲ್ಲಿ ಮೊದಲ ಬಾರಿಗೆ ಪೂರ್ಣ ಮಟ್ಟ, ಅಂದರೆ ಸಮುದ್ರಮಟ್ಟದಿಂದ 3,700 ಅಡಿ ಮುಟ್ಟಿತು. ಹೂಳೆಲ್ಲ ಜಲಾಶಯದಲ್ಲೇ ಕೂತಿತು. ಕೆಳಕ್ಕೆ ಹೋದದ್ದು ಹಸಿರು ಛಾಯೆಯ ತಿಳಿನೀರು. ವಿದ್ಯುದಾಗಾರಕ್ಕೆ ನೀರು ಎಳೆದುಕೊಳ್ಳುವ ಪೆನ್‌ಸ್ಟಾಕ್‌ಗಳ ಬಾಯಿ ಇರುವುದು 3,470 ಅಡಿಯಲ್ಲಿ. ಜಲಾಶಯ ತುಂಬಿದ್ದಾಗ ಆ ಬಾಯಿಯ ಮೇಲೆ 230 ಅಡಿ ನೀರಿರುತ್ತದೆ. ಆಳದ ಜಲಾಶಯದಲ್ಲಿ ಬೇಸಿಗೆಯ ಬಿಸಿ ಮೇಲ್ಪದರದಲ್ಲೇ ಉಳಿಯುತ್ತದೆ, ಕೆಳಪದರ ವರ್ಷವಿಡೀ ತಣ್ಣಗೆ, ಕತ್ತಲಾಗಿ ಇರುತ್ತದೆ. ಹೀಗಾಗಿ ದಶಕಗಳ ಕಾಲ ಗ್ರ್ಯಾಂಡ್ ಕ್ಯಾನ್ಯನ್ನಿಗೆ ಹೋದದ್ದು 8ರಿಂದ 12 ಡಿಗ್ರಿಯ ತಣ್ಣೀರು. ಜುಲೈ ತಿಂಗಳ ಮರುಭೂಮಿಯ ಬಿಸಿಲಲ್ಲಿ ದೋಣಿಯಿಂದ ಬಿದ್ದವರು ನಡುಗುವಷ್ಟು ತಣ್ಣೀರು.

ಎಂಟು ಜಾತಿಗಳಲ್ಲಿ ಮೂರು ಆ ಕಣಿವೆಯಿಂದ ಕಾಣೆಯಾದವು. ಆಳುದ್ದ ಬೆಳೆಯುತ್ತಿದ್ದ, ಆ ನದಿಯ ಮುಖ್ಯ ಬೇಟೆಗಾರನಾಗಿದ್ದ ಕೊಲರಾಡೊ ಪೈಕ್‌ಮಿನ್ನೋ ಅವುಗಳಲ್ಲಿ ಒಂದು. ಚಬ್ ಉಳಿಯಿತು, ಆದರೆ ಮುಖ್ಯ ನದಿಯಲ್ಲಿ ಸಂತಾನ ಮಾಡಲು ಅದಕ್ಕೂ ಸುಮಾರು 16 ಡಿಗ್ರಿಗಿಂತ ಬೆಚ್ಚಗಿನ ನೀರು ಬೇಕು. ಅದು ಲಿಟಲ್ ಕೊಲರಾಡೊದ ಸುಣ್ಣ ಕರಗಿದ, ಬೆಚ್ಚಗಿನ, ನೀಲಿ ನೀರನ್ನು ನಂಬಿ ಬದುಕಿಕೊಂಡಿತು. 1990ರ ದಶಕದಲ್ಲಿ ಮೀನು ತಜ್ಞರು ಕೇಳುತ್ತಿದ್ದದ್ದು ಒಂದೇ: ಪೆನ್‌ಸ್ಟಾಕ್‌ಗಳಿಗೆ ಮೇಲ್ಪದರದ ನೀರನ್ನೂ ಎಳೆದುಕೊಳ್ಳುವ ಸಾಧನ ಅಳವಡಿಸಿ, ನದಿಯನ್ನು ಸ್ವಲ್ಪ ಬೆಚ್ಚಗೆ ಮಾಡಿ. ಅಧ್ಯಯನ ನಡೆಯಿತು, ಕರಡು ವರದಿಯೂ ಬಂತು, ಸಾಧನ ಮಾತ್ರ ಬರಲಿಲ್ಲ.

ಇದೇ ಅವಧಿಯಲ್ಲಿ, 1982ರಲ್ಲಿ, ಯೂಟಾ ರಾಜ್ಯದ ವನ್ಯಜೀವಿ ವಿಭಾಗ ಪವೆಲ್ ಜಲಾಶಯಕ್ಕೆ ಸ್ಮಾಲ್‌ಮೌತ್ ಬಾಸ್ ಬಿಟ್ಟಿತು. ಗಾಳಗಾರರಿಗಾಗಿ, ಸರಕಾರದ ಖರ್ಚಿನಲ್ಲಿ. ಕಲ್ಲಿನ ದಡ, ತಿಳಿನೀರು. ಬಾಸ್‌ಗೆ ತವರೇ ಸಿಕ್ಕಂತಾಯಿತು. ಅಣೆಕಟ್ಟಿನ ಒಂದು ಮಗ್ಗುಲಲ್ಲಿ ಬೇಟೆಗಾರ ಮೀನು, ಇನ್ನೊಂದು ಮಗ್ಗುಲಲ್ಲಿ ಅಳಿವಿನಂಚಿನ ಮೀನು. ನಲವತ್ತು ವರ್ಷ ಇವೆರಡರ ನಡುವೆ ಇದ್ದ ಬೇಲಿ ಕಾಂಕ್ರೀಟಿನದಲ್ಲ, ತಣ್ಣೀರಿನದು. ಬಾಸ್ ಬೆಚ್ಚಗಿನ ಮೇಲ್ಪದರದಲ್ಲಿ ಓಡಾಡುತ್ತಿತ್ತು, ಇನ್ನೂರು ಅಡಿ ಕೆಳಗಿನ ಪೆನ್‌ಸ್ಟಾಕ್ ಬಾಯಿಯ ಬಳಿ ಅದಕ್ಕೆ ಕೆಲಸವಿರಲಿಲ್ಲ. ಎಲ್ಲೋ ಒಂದು ತಪ್ಪಿ ಟರ್ಬೈನ್ ದಾಟಿ ಜೀವಂತ ಉಳಿದರೂ ಕೆಳಗಿನ ತಣ್ಣೀರಿನಲ್ಲಿ ಅದಕ್ಕೆ ವಂಶ ಬೆಳೆಸಲಾಗುತ್ತಿರಲಿಲ್ಲ. ಚಬ್‌ಗೆ ಹಾನಿ ಮಾಡಿದ ತಣ್ಣೀರೇ ಚಬ್ ಅನ್ನು ಕಾಯುತ್ತಲೂ ಇತ್ತು. ಇದನ್ನು ಯಾರೂ ಯೋಜಿಸಿರಲಿಲ್ಲ.

2000ನೇ ಇಸವಿಯಿಂದ ಕೊಲರಾಡೊ ಜಲಾನಯನದಲ್ಲಿ ಬರ ಶುರುವಾಯಿತು. ಹಿಮ ಕಡಿಮೆಯಾಯಿತು, ಏಳು ರಾಜ್ಯಗಳ ಮತ್ತು ಮೆಕ್ಸಿಕೊದ ಪಾಲು ಮಾತ್ರ ಕಾಗದದ ಮೇಲೆ ಹಾಗೆಯೇ ಇತ್ತು. ಜಲಾಶಯ ಇಳಿಯುತ್ತ ಹೋಯಿತು. ಮೊದಮೊದಲು ಇದರಿಂದ ಚಬ್‌ಗೆ ಲಾಭವೇ ಆಯಿತು! ತಜ್ಞರು ಕೇಳಿದ್ದ ಸಾಧನ ಮಾಡಬೇಕಿದ್ದ ಕೆಲಸವನ್ನು ಬರ ಮಾಡಿಕೊಟ್ಟಿತು. ನೀರು ಒಂದೆರಡು ಡಿಗ್ರಿ ಬೆಚ್ಚಗಾಗಿ ಚಬ್ ಹೆಚ್ಚಿತು, ಕಣಿವೆಯ ಪಶ್ಚಿಮ ಭಾಗಕ್ಕೂ ಹರಡಿತು. ಅಲ್ಲಿ ಇನ್ನೊಂದು ಆಕಸ್ಮಿಕವೂ ಕೈಹಿಡಿಯಿತು. ಕಣಿವೆಯ ಕೆಳತುದಿಯಲ್ಲಿರುವ ಮೀಡ್ ಜಲಾಶಯವೂ ಇಳಿದಿದ್ದರಿಂದ ನದಿ ತನ್ನದೇ ಹೂಳನ್ನು ಕೊರೆದುಕೊಂಡು ಹರಿದು ಪಿಯರ್ಸ್ ಫೆರಿ ಎಂಬಲ್ಲಿ ಹೊಸದೊಂದು ಭೋರ್ಗರೆತದ ಜಾಗ ಉಂಟಾಯಿತು. ಕೆಳಗಿನ ಜಲಾಶಯದ ಹೊರಮೀನುಗಳು ಅದನ್ನು ಹತ್ತಿ ಬರುವುದು ಕಷ್ಟವಾಯಿತು. 2021ರಲ್ಲಿ ಚಬ್‌ನ ವರ್ಗ ಬದಲಾದದ್ದರ ಹಿಂದೆ ಈ ಬೆಚ್ಚಗಿನ ವರ್ಷಗಳ ಪಾಲು ದೊಡ್ಡದು.

ಲಾಭ ಎಲ್ಲಿ ಮುಗಿದು ನಷ್ಟ ಎಲ್ಲಿ ಶುರುವಾಗುತ್ತದೆ ಎಂಬ ಗೆರೆ ಮಾತ್ರ ಬಹಳ ಸಪೂರ. 2022ರ ಮಾರ್ಚಿನಲ್ಲಿ ಪವೆಲ್ ಜಲಾಶಯ 3,525 ಅಡಿಗಿಂತ ಕೆಳಗಿಳಿಯಿತು. 1960ರ ದಶಕದಲ್ಲಿ ತುಂಬುತ್ತಿದ್ದ ದಿನಗಳ ನಂತರ ಇದೇ ಮೊದಲು. ಮುಂದಿನ ವರ್ಷದ ಆರಂಭದಲ್ಲಿ 3,520ರ ಆಸುಪಾಸಿಗೆ ಬಂತು. ಪೆನ್‌ಸ್ಟಾಕ್ ಬಾಯಿಯ ಮೇಲೆ ಉಳಿದದ್ದು 50 ಅಡಿ ನೀರು. ಅಂದರೆ ಬಾಸ್‌ಗಳು ಓಡಾಡುವ ಬೆಚ್ಚನೆಯ ಮೇಲ್ಪದರವೇ ಈಗ ಟರ್ಬೈನ್‌ಗೆ ಹೋಗುತ್ತಿತ್ತು, ನೀರಿನ ಜೊತೆಗೆ ಮೀನೂ. 2022ರ ಬೇಸಿಗೆ ಕೊನೆಯ ಹೊತ್ತಿಗೆ ಅಣೆಕಟ್ಟಿನಿಂದ ಹೊರಬೀಳುವ ನೀರು 20 ಡಿಗ್ರಿ ದಾಟಿತು. ಮೇಲಿನಿಂದ ಮೀನನ್ನು ಕಳಿಸಿದ್ದೂ, ಕೆಳಗೆ ಅದಕ್ಕೆ ಹೆರಿಗೆಮನೆ ಒದಗಿಸಿದ್ದೂ ಒಂದೇ ಕಾರಣ. ಅಣೆಕಟ್ಟಿನಿಂದ ಲೀಸ್ ಫೆರಿವರೆಗಿನ ಹದಿನೈದು ಮೈಲಿಯಲ್ಲಿ ನೀರು ತಿಳಿಯಾಗಿರುತ್ತದೆ. ಅಲ್ಲಿಂದ ಕೆಳಗೆ ಪರಿಯಾ ಮುಂತಾದ ಉಪನದಿಗಳ ಕೆಸರು ಸೇರುತ್ತದೆ. ಕಣ್ಣಿಟ್ಟು ಬೇಟೆಯಾಡುವ ಬಾಸ್‌ಗೆ ಮೊದಲ ಹದಿನೈದು ಮೈಲಿಯೇ ಪ್ರಿಯ ಎಂಬುದು ಸಣ್ಣ ಸಮಾಧಾನ.

ಹೆದರಿಕೆ ಬರೀ ಊಹೆಯ ಮೇಲೆ ನಿಂತಿರಲಿಲ್ಲ. ಇದೇ ಜಲಾನಯನದ ಮೇಲ್ಭಾಗದ ಯಾಂಪಾ ನದಿಯಲ್ಲಿ 2000ದ ದಶಕದ ಆರಂಭದ ಬರಗಾಲದಲ್ಲಿ, ನೀರು ತೆಳುವಾಗಿ ಬೆಚ್ಚಗಾದಾಗ ಸ್ಮಾಲ್‌ಮೌತ್ ಬಾಸ್ ವಿಪರೀತ ಹೆಚ್ಚಿತ್ತು. ಆ ಕಣಿವೆಯಲ್ಲಿದ್ದ ಚಬ್ ಸಮುದಾಯ ಹೆಚ್ಚು ಕಡಿಮೆ ಹೇಳಹೆಸರಿಲ್ಲವಾಯಿತು. ಅಲ್ಲಿ ವರ್ಷವರ್ಷವೂ ದೋಣಿಯಿಂದ ವಿದ್ಯುತ್ ಹಾಯಿಸಿ ಬಾಸ್ ಹಿಡಿಯುವ ಕೆಲಸ ನಡೆದೇ ಇದೆ. ಒಮ್ಮೆ ಬೇರೂರಿದ ಮೇಲೆ ಅದನ್ನು ತೊಲಗಿಸುವುದು ಬಹಳ ಕಷ್ಟ.

ಆದ್ದರಿಂದ 2022ರಲ್ಲಿ ಮಡುವಿನ ಬಾಯಿಗೆ ಮೊದಲು ಬಲೆ ಕಟ್ಟಿದರು. ಸೆಪ್ಟೆಂಬರಿನಲ್ಲಿ ರೋಟೆನೋನ್ ಹಾಕಿದರು. ಇದು ದ್ವಿದಳ ಜಾತಿಯ ಕೆಲವು ಗಿಡಗಳ ಬೇರಿನಲ್ಲಿರುವ ವಿಷ. ಮೀನಿನ ಜೀವಕೋಶಗಳು ಆಮ್ಲಜನಕವನ್ನು ಬಳಸದಂತೆ ತಡೆಯುತ್ತದೆ. ಆಗ್ನೇಯ ಏಷ್ಯಾ ಮತ್ತು ದಕ್ಷಿಣ ಅಮೆರಿಕದ ಬುಡಕಟ್ಟು ಜನ ಮೀನು ಹಿಡಿಯಲು ಇಂಥ ಬೇರುಗಳನ್ನು ಜಜ್ಜಿ ಹೊಳೆಗೆ ಹಾಕುತ್ತಿದ್ದರು. ನಮ್ಮ ಮಲೆನಾಡಿನಲ್ಲಿ ಕಾರೆಕಾಯಿ ಜಜ್ಜಿ ಮಡುವಿಗೆ ಹಾಕುವ ಹಳೆಯ ಪದ್ಧತಿ ಇದರದೇ ಬಳಗ, ವಿಷ ಮಾತ್ರ ಬೇರೆ. ಮಡುವಿನಿಂದ ಹೊರಬರುವ ನೀರಿಗೆ ಪೊಟ್ಯಾಸಿಯಂ ಪರ್ಮಾಂಗನೇಟ್ ಬೆರೆಸಿ ವಿಷವನ್ನು ನಿಷ್ಕ್ರಿಯಗೊಳಿಸಿದರು. 2023ರಲ್ಲಿ ಮತ್ತೆ ಬಾಸ್ ಬಂತು, ಮತ್ತೆ ರೋಟೆನೋನ್ ಹಾಕಿದರು. ಸೋರುವ ಮಾಡಿನ ಕೆಳಗೆ ನೆಲ ಒರೆಸುವ ಕೆಲಸವಿದು. ಮಾಡಬಾರದೆಂದಲ್ಲ, ಆದರೆ ನೀರು ಬರುತ್ತಿರುವುದು ಮೇಲಿನಿಂದ.

ಕೊಲ್ಲುವುದಕ್ಕೆ ವಿರೋಧವೂ ಇತ್ತು, ಅದು ಬರೀ ಭಾವುಕತೆಯಲ್ಲ. ಜುನಿ ಎಂಬ ಮೂಲನಿವಾಸಿ ಜನಾಂಗಕ್ಕೆ ಗ್ರ್ಯಾಂಡ್ ಕ್ಯಾನ್ಯನ್ ತಮ್ಮ ಹುಟ್ಟಿನ ತಾಣ, ಅಲ್ಲಿನ ಜಲಚರಗಳು ಬಂಧುಗಳು. 2003ರಿಂದ 2006ರವರೆಗೆ ಚಬ್ ಅನ್ನು ಉಳಿಸಲೆಂದು ಲಿಟಲ್ ಕೊಲರಾಡೊ ಸಂಗಮದ ಬಳಿ ಟ್ರೌಟ್ ಮೀನುಗಳನ್ನು ದೊಡ್ಡ ಪ್ರಮಾಣದಲ್ಲಿ ತೆಗೆದಾಗ ಅವರು ಗಟ್ಟಿಯಾಗಿ ಆಕ್ಷೇಪಿಸಿದ್ದರು. ನಂತರದ ಯೋಜನೆಗಳಲ್ಲಿ ಮೀನುಗಳನ್ನು ಜೀವಂತವಾಗಿ ತೆಗೆಯಲು ಒತ್ತು ಕೊಡಬೇಕಾಯಿತು. ಯಾವ ಜೀವವನ್ನು ಉಳಿಸಲು ಯಾವ ಜೀವವನ್ನು ಕೊಲ್ಲಬಹುದು ಎಂಬ ಪ್ರಶ್ನೆಗೆ ಮೀನು ಶಾಸ್ತ್ರದ ಪುಸ್ತಕದಲ್ಲಿ ಉತ್ತರವಿಲ್ಲ. ಮೂಲ ತಪ್ಪು ಮಾಡಿದವರು ಮೀನು ಬಿಟ್ಟವರೇ ಹೊರತು ಜುನಿಗಳಲ್ಲ ಎಂಬುದನ್ನು ಮರೆಯದಿದ್ದರೆ ಸಾಕು.

ನಿಜವಾದ ಚಿಕಿತ್ಸೆ ಅಣೆಕಟ್ಟಿನಲ್ಲೇ ಇತ್ತು. ಪೆನ್‌ಸ್ಟಾಕ್‌ಗಳಿಗಿಂತ ಸುಮಾರು ನೂರು ಅಡಿ ಕೆಳಗೆ, ಎಂಟು ಅಡಿ ವ್ಯಾಸದ ನಾಲ್ಕು ಹೊರಹರಿವಿನ ಕೊಳವೆಗಳಿವೆ. ನಾಲ್ಕೂ ಸೇರಿ 15,000 ಕ್ಯುಸೆಕ್ ಬಿಡಬಲ್ಲವು. ಅಲ್ಲಿಂದ ಬರುವುದು ತಳದ ತಣ್ಣೀರು. ಟರ್ಬೈನ್‌ನಿಂದ ಬರುವ ಬೆಚ್ಚನೆಯ ನೀರಿಗೆ ಇದನ್ನು ಹದವಾಗಿ ಬೆರೆಸಿದರೆ ನದಿಯನ್ನು ಬೇಕಾದ ಉಷ್ಣತೆಗೆ ತರಬಹುದು. ಗುರಿ: ಲಿಟಲ್ ಕೊಲರಾಡೊ ಸಂಗಮದವರೆಗೂ ನೀರು 15.5 ಡಿಗ್ರಿ ಮೀರಬಾರದು. ಬಾಸ್ ಗೂಡು ಕಟ್ಟುವ ಅಂಚಿಗೆ ಸರಿಯಾಗಿ ಕೆಳಗೆ. ಅಲ್ಲಿಗೆ ಒಂದು ಕಾಲದಲ್ಲಿ ನದಿಯನ್ನು ಬೆಚ್ಚಗೆ ಮಾಡಿ ಎಂದಿದ್ದ ಅದೇ ಕ್ಷೇತ್ರದ ತಜ್ಞರು ಈಗ ತಣ್ಣಗೆ ಮಾಡಿ ಎನ್ನಬೇಕಾಯಿತು. ಎರಡು ಬಾರಿಯೂ ಅವರು ಹೇಳಿದ್ದು ಸರಿಯೇ.

ತೊಡಕಿದ್ದದ್ದು ವಿದ್ಯುತ್ತಿನಲ್ಲಿ. ಈ ಕೊಳವೆಗಳಿಗೆ ಟರ್ಬೈನ್ ಇಲ್ಲ. ಅವುಗಳ ಮೂಲಕ ಹೋದ ಪ್ರತಿ ಕ್ಯುಸೆಕ್ ನೀರೂ ಕರೆಂಟು ಕೊಡದೆ ಹೋಗುತ್ತದೆ. ಗ್ಲೆನ್ ಕ್ಯಾನ್ಯನ್‌ನ ವಿದ್ಯುತ್ತನ್ನು ಕೊಳ್ಳುವವರು ಸಣ್ಣ ಪಟ್ಟಣಗಳು, ಗ್ರಾಮೀಣ ಸಹಕಾರ ಸಂಘಗಳು, ಬುಡಕಟ್ಟು ಸಮುದಾಯಗಳು. ಕೊರತೆಯಾದ ವಿದ್ಯುತ್ತನ್ನು ಬೇಸಿಗೆಯ ದುಬಾರಿ ಮಾರುಕಟ್ಟೆಯಲ್ಲಿ ಕೊಳ್ಳಬೇಕು. ಇನ್ನೊಂದು ವಿಚಿತ್ರವೆಂದರೆ ಈ ನದಿಯ ಮೀನು ಸಂರಕ್ಷಣೆಯ ಯೋಜನೆಗಳಿಗೆ ಹಣ ಬರುವುದೂ ಅದೇ ವಿದ್ಯುತ್ ಆದಾಯದ ನಿಧಿಯಿಂದ. ವಾದ ವಿವಾದ, ಪರಿಸರ ಪರಿಣಾಮದ ಹೆಚ್ಚುವರಿ ವರದಿ ಎಲ್ಲ ಮುಗಿದು ಅಂತಿಮ ನಿರ್ಧಾರಕ್ಕೆ ಸಹಿ ಬಿದ್ದದ್ದು 2024ರ ಜುಲೈಯಲ್ಲಿ. ಮರಿಗಳು ಸಿಕ್ಕಿ ಎರಡು ವರ್ಷ ಆಗಿತ್ತು. ಮೀನು ಬೇಸಿಗೆಗೊಮ್ಮೆ ಮರಿ ಮಾಡುತ್ತದೆ, ಕಡತಕ್ಕೆ ಎರಡು ಬೇಸಿಗೆ ಬೇಕು.

ಆ ಜುಲೈಯಿಂದ ನವೆಂಬರಿನವರೆಗೆ ತಣ್ಣೀರು ಬೆರೆಸಿದ ಹರಿವು ಬಿಟ್ಟರು. ವಿದ್ಯುತ್ತಿನ ನಷ್ಟ ಕೋಟಿ ಡಾಲರ್ ದಾಟಿತು. ಫಲಿತಾಂಶ: ಆ ವರ್ಷ ಅಣೆಕಟ್ಟಿನ ಕೆಳಗೆ ಹೊಸದಾಗಿ ಹುಟ್ಟಿದ ಬಾಸ್ ಮರಿಗಳು ಸಿಗಲಿಲ್ಲ. ಒಂದೇ ವರ್ಷದ ಫಲಿತಾಂಶದಿಂದ ಎಲ್ಲವೂ ಸಾಬೀತಾಗುವುದಿಲ್ಲ. 2023ರ ಹಿಮದಿಂದ ಜಲಾಶಯವೂ ಸಾಕಷ್ಟು ಏರಿತ್ತು, ಅದರ ಪಾಲೂ ಇದೆ. ಆದರೂ ಇಡೀ ಪ್ರಕರಣದಲ್ಲಿ ಕಾರಣಕ್ಕೇ ಕೈ ಹಾಕಿದ ಕ್ರಮ ಇದೊಂದೇ. 2025ರ ಆರಂಭದಲ್ಲಿ ಮಡುವನ್ನು ಅಗೆದು, ನದಿಯ ತಣ್ಣೀರು ಅದರೊಳಗೆ ಹಾದು ಹೋಗುವಂತೆ ಕಾಲುವೆ ಮಾಡಿದರು. ಹೆರಿಗೆಮನೆಯೇ ಇಲ್ಲವಾಯಿತು. ಇದನ್ನು ಮೊದಲೇ ಮಾಡಬಹುದಿತ್ತು: 2015ರಲ್ಲಿ ಇದೇ ಮಡುವಿನಲ್ಲಿ ಗ್ರೀನ್ ಸನ್‌ಫಿಷ್ ಎಂಬ ಇನ್ನೊಂದು ಹೊರಮೀನು ಮರಿ ಮಾಡಿ ಎಚ್ಚರಿಕೆ ಕೊಟ್ಟಿತ್ತು.

2025ರ ಬೇಸಿಗೆಯಲ್ಲಿ ತಣ್ಣೀರಿನ ಹರಿವು ಬಿಡದಿರಲು ಅಧಿಕಾರಿಗಳು ನಿರ್ಧರಿಸಿದರು. ಹೊರಹರಿವಿನ ಕೊಳವೆಗಳ ಸ್ಥಿತಿಯೂ ಚರ್ಚೆಯಲ್ಲಿತ್ತು: 2023ರ ಏಪ್ರಿಲ್‌ನಲ್ಲಿ ಮರಳು ದಂಡೆಗಳನ್ನು ಕಟ್ಟಲೆಂದು ಮೂರು ದಿನ ಕೃತಕ ಪ್ರವಾಹ ಬಿಟ್ಟಾಗ ಕೊಳವೆಗಳ ಒಳಮೈ ಕಿತ್ತುಬಂದಿತ್ತು, ಹೊಸ ಲೇಪ ಹಾಕಬೇಕಾಯಿತು. ಜಲಾಶಯ ತಗ್ಗಿದ್ದಾಗ ಆ ಕೊಳವೆಗಳನ್ನು ಬಹಳ ಕಾಲ ನಡೆಸುವುದು ಅವುಗಳ ಆರೋಗ್ಯಕ್ಕೆ ಒಳ್ಳೆಯದಲ್ಲ. ಬಾಸ್‌ನ ಭಯ ಹೆಚ್ಚಿರುವುದೂ ಜಲಾಶಯ ತಗ್ಗಿದ್ದಾಗಲೇ.

ಇಲ್ಲಿ ನಮ್ಮ ಕಾವೇರಿಯ ಡುಬ್ಬದ ಮಹಶೀರ್ ನೆನಪಾಗದೆ ಇರದು. ಜಗತ್ತಿನಲ್ಲಿ ಕಾವೇರಿ ಜಲಾನಯನವನ್ನು ಬಿಟ್ಟು ಬೇರೆಲ್ಲೂ ಇಲ್ಲದ, ಕಿತ್ತಳೆ ರೆಕ್ಕೆಯ ಈ ಮೀನನ್ನು 2018ರಲ್ಲಿ ತೀವ್ರ ಅಪಾಯದಂಚಿನ ಪಟ್ಟಿಗೆ ಸೇರಿಸಿದರು. ಅದರ ಜಾಗ ಕಸಿದದ್ದರಲ್ಲಿ ಮಹಾರಾಷ್ಟ್ರದ ಲೋಣಾವಳ ಕಡೆಯ ಮರಿಕೇಂದ್ರದಲ್ಲಿ ಬೆಳೆದು ಬಂದ ನೀಲಿ ರೆಕ್ಕೆಯ ಮಹಶೀರ್‌ನ ಪಾಲಿದೆ. ಅದನ್ನು ಬಿಟ್ಟದ್ದು ಮಹಶೀರ್ ಸಂತತಿ ಹೆಚ್ಚಲೆಂಬ ಸದುದ್ದೇಶದಿಂದ. ಪವೆಲ್ ಜಲಾಶಯಕ್ಕೆ ಬಾಸ್ ಬಿಟ್ಟವರ ಉದ್ದೇಶವೂ ಕೆಟ್ಟದಾಗಿರಲಿಲ್ಲ. ವ್ಯತ್ಯಾಸವೆಂದರೆ ಕೊಲರಾಡೊದಲ್ಲಿ ನಿಯಮಿತವಾಗಿ ಎಣಿಸುವವರಿದ್ದರು; 1992ರ ಗ್ರ್ಯಾಂಡ್ ಕ್ಯಾನ್ಯನ್ ರಕ್ಷಣಾ ಕಾಯಿದೆಯ ಬೆಂಬಲದಿಂದ ಬೆಳೆದ ನಿಗಾ ವ್ಯವಸ್ಥೆ ಇಲ್ಲದಿದ್ದರೆ ಆ ಮರಿಗಳು ಕಣ್ಣಿಗೆ ಬೀಳುವ ಹೊತ್ತಿಗೆ ಯಾಂಪಾ ಕತೆಯೇ ಮರುಕಳಿಸಿರುತ್ತಿತ್ತು.

ಮುಂದಿನ ಲೆಕ್ಕ ಮತ್ತೆ ಅಡಿಗಳದ್ದೇ. 2007ರಲ್ಲಿ ಒಪ್ಪಿದ ಜಲಾಶಯ ನಿರ್ವಹಣೆಯ ನಿಯಮಗಳ ಅವಧಿ 2026ಕ್ಕೆ ಮುಗಿಯುತ್ತದೆ. ಏಳು ರಾಜ್ಯಗಳು ಹೊಸ ಹಂಚಿಕೆಗಾಗಿ ಜಗ್ಗಾಡುತ್ತಿವೆ, 2025ರಲ್ಲಿ ಹಿಮ ಮತ್ತೆ ಕಡಿಮೆ ಬಿದ್ದಿದೆ. ಪವೆಲ್ ಜಲಾಶಯದ ಮಟ್ಟವನ್ನು ಎಷ್ಟು ಅಡಿಗಿಂತ ಕೆಳಗೆ ಬಿಡಬಾರದು ಎಂದು ಆ ಒಪ್ಪಂದದಲ್ಲಿ ಬರೆಯುವ ಅಂಕಿಯೇ ಬಾಸ್ ಮತ್ತು ಚಬ್ ಎರಡರ ಹಣೆಬರಹ. ಮಟ್ಟ 3,490 ಅಡಿಗಿಂತ ಇಳಿದರೆ ಟರ್ಬೈನ್‌ಗಳನ್ನು ನಿಲ್ಲಿಸಬೇಕು. ಆಗ ಕೆಳಕ್ಕೆ ಹೋಗುವ ನೀರೆಲ್ಲ ತಳದ ಕೊಳವೆಗಳಿಂದಲೇ ಹೋಗುತ್ತದೆ, ಈಗಿನದಕ್ಕಿಂತ ತಣ್ಣಗಿರುತ್ತದೆ, ಕರೆಂಟು ಒಂದು ಯೂನಿಟ್ಟೂ ಬರುವುದಿಲ್ಲ.